ಹಲಸೂರು ಡಾಕ್ಟರ ಮನೆಯ ಬಲಗಣ್ಣು

ಹಲಸೂರು ಕೆರೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಬಜಾರ್ ಬೀದಿಯಲ್ಲಿ ಹಾಲಿನವರ ಸೈಕಲ್ ಗಂಟೆ ಬಿಟ್ಟರೆ ಬೇರೆ ಸದ್ದಿಲ್ಲ. ಆ ಬೀದಿಯಿಂದ ಒಳಕ್ಕೆ ತಿರುಗುವ ಓಣಿಯ ಕೊನೆಯ ಹೆಂಚಿನ ಮನೆಯಲ್ಲಿ ಮಾತ್ರ ಆಗಲೇ ಕೆಲಸ ಶುರುವಾಗಿದೆ. ಡಾಕ್ಟರ್ ಸಂಜೀವಪ್ಪ ಮೊಣಕೈವರೆಗೂ ಸೋಪು ಹಚ್ಚಿಕೊಂಡು ಉಗುರಿನ ಸಂದಿಗಳನ್ನು ಬ್ರಷ್ಷಿನಿಂದ ತಿಕ್ಕುತ್ತಿದ್ದಾರೆ. ಕುದಿಸಿ ಆರಿಸಿದ ನೀರನ್ನು ಆಯಾ ಅಂಜಿನಮ್ಮ ಚೊಂಬಿನಿಂದ ಸಣ್ಣಗೆ ಹುಯ್ಯುತ್ತಿದ್ದಾರೆ. ಡಾಕ್ಟರಿಗೆ ಎಪ್ಪತ್ತೆರಡು ವರ್ಷ. ಬೆನ್ನು ಬಾಗಿಲ್ಲ, ತಲೆಯಲ್ಲಿ ಕೂದಲು ದಟ್ಟವಾಗಿದೆ. ಒದ್ದೆ ಕೈಗಳನ್ನು ಎದೆಯ ಮುಂದೆ ಹಿಡಿದು ನಿಂತಾಗ ಮಾತ್ರ ಬೆರಳ ತುದಿಗಳು ಗಾಳಿಗೆ ಸಿಕ್ಕ ಎಲೆಗಳ ಹಾಗೆ ಒಂದಿಷ್ಟು ಅಲುಗುತ್ತವೆ.

ಮೇಜಿನ ಮೇಲೆ ಮಲಗಿರುವವರು ಮಹದೇವಪುರದ ಮುನಿರಾಜಪ್ಪ. ಸೊಪ್ಪು ಬೆಳೆದು ರಸೆಲ್ ಮಾರ್ಕೆಟ್ಟಿಗೆ ಹಾಕುವವರು. ಬಲಗಣ್ಣು ಮೊದಲೇ ಮಂಜು, ಎಡಗಣ್ಣಿನ ಪೊರೆಯೂ ಬಲಿತು ದಂಟಿಗೂ ಕಳೆಗೂ ವ್ಯತ್ಯಾಸ ತಿಳಿಯದ ಹಾಗಾಗಿದೆ. ಕತ್ತಿ ಹಿಡಿಯುವವರು ಸಂಜೀವಪ್ಪನವರಲ್ಲ, ಪಕ್ಕದಲ್ಲಿ ನಿಂತಿರುವ ಕಿರಿಯ ಡಾಕ್ಟರ್ ಮಂಜೂರ್ ಎಂದು ಗೊತ್ತಾಗುತ್ತಿದ್ದಂತೆ ಮುನಿರಾಜಪ್ಪನವರ ಮೋರೆ ಸಪ್ಪಗಾಗುತ್ತದೆ.

"ನಿಮ್ ಕೈಗುಣ ಕೇಳ್ಕೊಂಡು ಕತ್ತಲಲ್ಲಿ ಗಾಡಿ ಕಟ್ಕೊಂಡು ಬಂದಿದೀನಿ ಸ್ವಾಮಿ. ನೀವು ನೋಡಿದ್ರೆ ಇನ್ನೊಬ್ರ ಕೈಗೆ ಕೊಡ್ತೀನಿ ಅಂತೀರಲ್ಲ."

"ನನ್ನ ಕೈ ನಡುಗುತ್ತೆ ಕಣಪ್ಪ, ಹೋದ ಮಳೆಗಾಲದಿಂದ," ಎನ್ನುತ್ತಾರೆ ಡಾಕ್ಟರು, ಹವಾಮಾನದ ವಿಷಯ ಹೇಳಿದಷ್ಟೇ ಸಲೀಸಾಗಿ. "ಕತ್ತಿ ಮಂಜೂರ್‌ದು. ಮಾತು ನಂದು. ಬೇಡ ಅಂದ್ರೆ ಈಗ್ಲೇ ಎದ್ದು ಹೋಗು, ನಂಗೇನೂ ಬೇಜಾರಿಲ್ಲ."

ಮುನಿರಾಜಪ್ಪ ಏಳುವುದಿಲ್ಲ. ಯಾರೂ ಏಳುವುದಿಲ್ಲ.

ಕಣ್ಣನ್ನು ಮರಗಟ್ಟಿಸುವ ಹನಿ ಬಿಟ್ಟಾದ ಮೇಲೆ ಡಾಕ್ಟರು ಮೇಜಿನ ತಲೆಯ ಕಡೆ ಸ್ಟೂಲು ಎಳೆದುಕೊಂಡು ಕೂರುತ್ತಾರೆ. ಎರಡು ಅಂಗೈಗಳಲ್ಲಿ ರೋಗಿಯ ತಲೆ ಹಿಡಿದು, "ನಡಿ, ಊರಿಗೆ ಹೋಗೋಣ," ಎಂದು ಹೊರಡುತ್ತಾರೆ. ಈ ಮನೆಯ ಪದ್ಧತಿಯೇ ಇದು. ರೋಗಿಗೆ ಎಚ್ಚರವಿರುತ್ತದೆ, ಆದರೆ ಕಣ್ಣು ಒಂದು ಚೂರೂ ಅದುರಬಾರದು. ಹೆದರಿದ ಮನುಷ್ಯ ಕಣ್ಣು ಕಿವುಚಿಯೇ ಕಿವುಚುತ್ತಾನೆ. ಅದಕ್ಕೇ ಡಾಕ್ಟರು ಅವನನ್ನು ಮಾತಿನಲ್ಲೇ ಅವನ ಊರಿಗೆ ನಡೆಸಿಕೊಂಡು ಹೋಗುತ್ತಾರೆ. ಕೆರೆ ಏರಿ ದಾಟಿ ಮದರಾಸು ರಸ್ತೆ ಸೇರು. ಬಿನ್ನಮಂಗಲದಲ್ಲಿ ಎತ್ತಿಗೆ ನೀರು ಕುಡಿಸು. ಕೆಳಗೆ ನೋಡಪ್ಪ, ಕಾಲಿನ ಹೆಬ್ಬೆರಳ ಕಡೆ ನೋಡು, ಹಾಂ, ಹಾಗೇ. ಬೈಯಪ್ಪನಹಳ್ಳಿ ಹತ್ತಿರ ರೈಲು ಬರುತ್ತಿದೆ, ಗೇಟು ಹಾಕಿದ್ದಾರೆ, ನಿಂತುಕೋ. ಬೆನ್ನಿಗಾನಹಳ್ಳಿ ದಾಟು, ಬಲಕ್ಕೆ ತಿರುಗು. ಮುನಿರಾಜಪ್ಪ ತಮ್ಮ ತೋಟದ ಬೇಲಿ ಮುಟ್ಟುವಷ್ಟರಲ್ಲಿ ಮಂಜೂರ್ ಕೈಯಲ್ಲಿ ಹುರುಳಿಕಾಳಿನಷ್ಟು ಗಾತ್ರದ, ಹಳದಿಗಟ್ಟಿದ ಪೊರೆ ಹೊರಗೆ ಬಂದಿರುತ್ತದೆ.

ಗೋಡೆಯಾಚೆ, ಒಳಕೋಣೆಯ ಮಂಚದ ಮೇಲೆ ಕೂತು ಇದನ್ನೆಲ್ಲ ಒಬ್ಬರು ಕೇಳಿಸಿಕೊಳ್ಳುತ್ತಿರುತ್ತಾರೆ. ಅವರು ಡಾಕ್ಟರ ಹೆಂಡತಿ ಶಾಂತಕುಮಾರಿ. ಅವರ ಎಡಗಣ್ಣು ಚಿಕ್ಕಂದಿನಲ್ಲೇ ಸಿಡುಬಿಗೆ ಹೋಯಿತು, ಅದರಲ್ಲಿ ಬಿಳಿ ಹೂ ಬಿದ್ದಿದೆ. ಉಳಿದದ್ದು ಬಲಗಣ್ಣು. ಅದಕ್ಕೂ ಈಗ ಪೊರೆ ಬಂದು, ಬಲಿತು, ಬಾಗಿಲು ಯಾವುದು ಕಿಟಕಿ ಯಾವುದು ಎಂದಷ್ಟೇ ತಿಳಿಯುವ ಹಾಗಾಗಿದೆ. ದಂಡು ಪ್ರದೇಶದ ಪೂರ್ವಕ್ಕಿರುವ ಹಳ್ಳಿಹಳ್ಳಿಯ ಜನಕ್ಕೆ ಕಣ್ಣು ಕೊಡುವ ಮನೆಯಲ್ಲಿ ಮನೆಯೊಡತಿಯೇ ಗೋಡೆ ತಡವಿಕೊಂಡು ಓಡಾಡುತ್ತಾರೆ. ಇದಕ್ಕೆ ಕಾರಣ ಅವರ ಹಠ. ಮಾಡಿದರೆ ತಮ್ಮ ಗಂಡನೇ ಮಾಡಬೇಕು, ಇಲ್ಲವಾದರೆ ಯಾರೂ ಬೇಡ ಎಂದು ಎರಡು ವರ್ಷದಿಂದ ಒಂದೇ ಮಾತು.

ಡಾಕ್ಟರು ಹುಟ್ಟಿದ್ದು ಕೃಷ್ಣರಾಜಪುರದಲ್ಲಿ. ತಂದೆ ಚಿಕ್ಕಮುನಿಯಪ್ಪ ದಂಡಿನ ಒಬ್ಬ ದೊರೆಯ ಬಂಗಲೆಯಲ್ಲಿ ತೋಟದ ಮಾಲಿ. ಆ ಕಾಲದಲ್ಲಿ ಪೊರೆ ತಳ್ಳುವವರು ಅಂತ ಊರೂರು ಸುತ್ತುತ್ತಿದ್ದರು. ಸೂಜಿಯಿಂದ ಚುಚ್ಚಿ ಪೊರೆಯನ್ನು ಕಣ್ಣಿನೊಳಗೇ ಕೆಳಕ್ಕೆ ತಳ್ಳಿಬಿಡುವುದು ಅವರ ಕಸುಬು. ಅಂಥವನೊಬ್ಬ ಸಂಜೀವಪ್ಪನವರ ಅಜ್ಜಿಯನ್ನು ಜಗುಲಿಯ ಮೇಲೆ ಕೂರಿಸಿ ಸೂಜಿ ಹಾಕಿದ. ಅಜ್ಜಿಗೆ ತಕ್ಷಣ ಮೊಮ್ಮಗನ ಮುಖ ಕಂಡಿತು. ಊರೇ ಕೊಂಡಾಡಿತು. ಮುಂದಿನ ಸಂತೆಯ ಹೊತ್ತಿಗೆ ಕಣ್ಣು ಕೀವಾಗಿ ಪೂರ್ತಿ ಹೋಯಿತು. ಸೂಜಿಯವನು ಅಷ್ಟರಲ್ಲಿ ಎಲ್ಲಿಗೋ ಹೋಗಿಬಿಟ್ಟಿದ್ದ. ಸಾಯುವವರೆಗೂ ಆ ಅಜ್ಜಿಗೆ ಯಾರ ಮೇಲೂ ಸಿಟ್ಟಿರಲಿಲ್ಲ, ತನ್ನ ಹಣೆಬರಹ ಎಂದುಕೊಂಡರು. ಸಿಟ್ಟು ಬಂದದ್ದು ಮೊಮ್ಮಗನಿಗೆ.

ಮಿಷನ್ ಶಾಲೆ, ಆಮೇಲೆ ಮದರಾಸಿನಲ್ಲಿ ವೈದ್ಯ ಓದು. ಬೆಂಗಳೂರಿಗೆ ಪ್ಲೇಗು ಬಂದಾಗ ಮೀಸೆ ಸರಿಯಾಗಿ ಮೂಡದ ಈ ಡಾಕ್ಟರನ್ನು ಊರ ಹೊರಗಿನ ಗುಡಿಸಲುಗಳ ಕೆಲಸಕ್ಕೆ ಹಾಕಿದರು. ಅಲ್ಲಿಂದ ಸರ್ಕಾರಿ ನೌಕರಿ, ಮದುವೆ, ಊರಿಂದ ಊರಿಗೆ ವರ್ಗ. ಏಳು ಮಕ್ಕಳಾದವು. ಹದಿನೆಂಟನೇ ಇಸವಿಯ ಇನ್‌ಫ್ಲುಯೆಂಜಾ ಒಂದೇ ವಾರದಲ್ಲಿ ಇಬ್ಬರು ಗಂಡುಮಕ್ಕಳನ್ನು ತೆಗೆದುಕೊಂಡು ಹೋಯಿತು. ಇಬ್ಬರನ್ನೂ ಕಲ್ಪಳ್ಳಿಯ ಸ್ಮಶಾನದಲ್ಲಿ ಅಕ್ಕಪಕ್ಕ ಮಲಗಿಸಿದ್ದಾರೆ. ಆ ವಿಷಯ ಡಾಕ್ಟರು ತಾವಾಗಿ ಎತ್ತುವುದಿಲ್ಲ. ಕೇಳಿದರೆ ಇಬ್ಬರ ಹೆಸರನ್ನಷ್ಟೇ ಹೇಳುತ್ತಾರೆ.

ನಿವೃತ್ತಿಯ ನಂತರ ಈ ಮನೆಯ ಮುಂಭಾಗವನ್ನೇ ದವಾಖಾನೆ ಮಾಡಿಕೊಂಡರು. ಹಿಂದಿನ ಉದ್ದನೆಯ ಕೋಣೆಯಲ್ಲಿ ಆರು ಮಂಚ. ಸಂತೆಯ ದಿನ ಅರವತ್ತು ಎಪ್ಪತ್ತು ಜನ ಓಣಿಯಲ್ಲಿ ಸಾಲಾಗಿ ಕೂರುತ್ತಾರೆ. ರೆಪ್ಪೆ ಒಳಕ್ಕೆ ತಿರುಗಿ ಚುಚ್ಚುವವರು, ಕಣ್ಣಲ್ಲಿ ಗುಳ್ಳೆ ಎದ್ದು ಮೈಲುತುತ್ತ ಹಚ್ಚಿಸಿಕೊಳ್ಳುವವರು, ಸುಣ್ಣದ ಗೂಡಿನಿಂದ ಕಣ್ಣು ಸುಟ್ಟುಕೊಂಡು ಬಂದವರು. ಪೊರೆ ತೆಗೆಸಿಕೊಂಡವರು ಒಂದು ವಾರಕ್ಕೂ ಹೆಚ್ಚು ಕಾಲ ಅಂಗಾತ ಮಲಗಿಯೇ ಇರಬೇಕು. ಎರಡೂ ಕಣ್ಣಿಗೆ ಪಟ್ಟಿ, ತಲೆ ಹೊರಳದಂತೆ ಎರಡು ಕಡೆ ಮರಳಿನ ಚೀಲ. ಕೆಮ್ಮುವ ಹಾಗಿಲ್ಲ, ಸೀನುವ ಹಾಗಿಲ್ಲ, ಅಗಿದು ತಿನ್ನುವ ಹಾಗೂ ಇಲ್ಲ. ಅವರಿಗೆಲ್ಲ ಚಮಚದಲ್ಲಿ ರಾಗಿಗಂಜಿ ಕುಡಿಸಿ, ಸೀನು ಬಂದರೆ ಮೇಲ್ದುಟಿ ಒತ್ತಿ ಹಿಡಿದು, ರಾತ್ರಿ ಹಗಲು ಪಕ್ಕದಲ್ಲಿ ಕೂತು ಕಾದವರು ಶಾಂತಕುಮಾರಿ. ಕಣ್ಣು ಮಂಜಾದ ಮೇಲೂ ಬಟ್ಟಲು ತಡವಿಕೊಂಡೇ ಕುಡಿಸುತ್ತಿದ್ದರು. ಒಂದು ದಿನ ಚಮಚ ರೋಗಿಯ ಕಿವಿಗೆ ಹೋಯಿತು. ಅವತ್ತಿನಿಂದ ಬಿಟ್ಟರು.

ಇನ್ನು ಡಾಕ್ಟರ ದೇವರ ವಿಷಯ. ಹಲಸೂರಿನಲ್ಲಿ ಇದು ಎಲ್ಲರಿಗೂ ಗೊತ್ತು, ಯಾರಿಗೂ ಪೂರ್ತಿ ಅರ್ಥವಾಗಿಲ್ಲ. ಐದಾರು ವರ್ಷದ ಹಿಂದೆ, ಮಹಾಯುದ್ಧದ ಕಾಲದಲ್ಲಿ, ವಿಮಾನದ ಕಾರ್ಖಾನೆಯಲ್ಲಿ ಅಮೆರಿಕದ ಸಿಪಾಯಿಗಳು ತುಂಬಿದ್ದರಲ್ಲ, ಅವರಲ್ಲಿ ಲಾರ್ಸನ್ ಎಂಬ ಮೆಕ್ಯಾನಿಕ್ ಕಣ್ಣಿಗೆ ಕಬ್ಬಿಣದ ಚೂರು ಹೊಕ್ಕು ಇಲ್ಲಿಗೆ ಬಂದ. ಡಾಕ್ಟರು ಅಯಸ್ಕಾಂತ ಹಿಡಿದು ಚೂರು ತೆಗೆದರು. ಶಾಂತಕುಮಾರಿ ಬಿಸಿ ಕಾಫಿ ತಂದುಕೊಟ್ಟರೆ ಲಾರ್ಸನ್ ಕೈಮುಗಿದು ಬೇಡ ಎಂದ. ಟೀ? ಅದೂ ಬೇಡ. ಸಿಗರೇಟು, ಹೆಂಡ ಯಾವುದೂ ಇಲ್ಲ. ಅಮೆರಿಕದ ಸಿಪಾಯಿಯ ಬಾಯಲ್ಲಿ ಇಂಥ ಮಾತು ಕೇಳಿ ಡಾಕ್ಟರಿಗೆ ಕುತೂಹಲವಾಯಿತು. ಅವನು ಮಾರ್ಮನ್ ಅಂತೆ, ಅದೂ ಕ್ರಿಸ್ತನನ್ನೇ ನಂಬುವ ಒಂದು ಪಂಗಡ. ಮಾತಿಗೆ ಮಾತು ಬೆಳೆದು, ಲಾರ್ಸನ್ ಪ್ರತಿ ಭಾನುವಾರ ಬರತೊಡಗಿದ. ಹಾಗೆ ಒಂದು ಭಾನುವಾರ, ನಮ್ಮವರ ನಂಬಿಕೆಯಲ್ಲಿ ಗಂಡ ಹೆಂಡತಿ ಮಕ್ಕಳ ಸಂಬಂಧ ಸಾವಿಗೆ ಕಡಿದುಹೋಗುವುದಿಲ್ಲ, ಮುಂದೆಯೂ ಒಂದೇ ಸಂಸಾರವಾಗಿ ಇರುತ್ತೇವೆ ಎಂದ. ಡಾಕ್ಟರು ಅವತ್ತು ಊಟಕ್ಕೆ ಏಳಲಿಲ್ಲ. ಮಕ್ಕಳಿಬ್ಬರು ಹೋದಾಗಿನಿಂದ, ಇಪ್ಪತ್ತಾರು ವರ್ಷ, ಯಾವ ಪಾದ್ರಿಯೂ ಹೇಳದ ಮಾತನ್ನು ಒಬ್ಬ ಮೆಕ್ಯಾನಿಕ್ ಹೇಳಿಬಿಟ್ಟಿದ್ದ.

ಲಾರ್ಸನ್ ತನ್ನ ಹಿರಿಯರಿಗೆ ಕಾಗದ ಬರೆದು ಅಪ್ಪಣೆ ತರಿಸಿಕೊಂಡ. ಕೃಷ್ಣರಾಜಪುರದ ಕೆರೆಯಲ್ಲಿ ಸಂಜೀವಪ್ಪನವರನ್ನು ಮುಳುಗಿಸಿ ದೀಕ್ಷಾಸ್ನಾನ ಮಾಡಿಸಿದ. ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಬಿಳಿಯನೊಬ್ಬ ನಮ್ಮ ಡಾಕ್ಟರನ್ನು ನೀರಲ್ಲಿ ಅದುಮುತ್ತಿದ್ದಾನೆ ಎಂದು ಬಡಿಗೆ ಹಿಡಿದು ನೀರಿಗಿಳಿದಿದ್ದರು ಎಂದು ಊರಿನವರು ಈಗಲೂ ನಗುತ್ತಾರೆ. ಯುದ್ಧ ಮುಗಿಯಿತು, ಲಾರ್ಸನ್ ಹೊರಟುಹೋದ. ಆಮೇಲೆ ಈ ಊರಿನಲ್ಲಿ ಆ ಪಂಗಡಕ್ಕೆ ಗುಡಿಯೂ ಇಲ್ಲ, ಗುರುವೂ ಇಲ್ಲ. ಉಳಿದವರು ಡಾಕ್ಟರು ಒಬ್ಬರೇ. ಮೊದಲು ಹೋಗುತ್ತಿದ್ದ ಚರ್ಚಿನ ಹಳೆಯ ಸಭೆಯ ಕೆಲವರು ಮುಖ ತಿರುಗಿಸಿದರು. ಡಾಕ್ಟರು ಮುನಿಸಿಕೊಳ್ಳಲಿಲ್ಲ. ಭಾನುವಾರ ಮುಂದಿನ ಕೋಣೆಯ ಬೆಂಚು ಸರಿಸಿ ಒಬ್ಬರೇ ಮೊಣಕಾಲೂರುತ್ತಾರೆ. ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸ ಇದ್ದು, ಆ ಊಟದ ಅಕ್ಕಿಯನ್ನು ಹಸಿದವರ ಮನೆಗೆ ಕಳಿಸುತ್ತಾರೆ. ರೇಷನ್ ಕಾಲದಲ್ಲೂ ಅದು ತಪ್ಪಲಿಲ್ಲ.

ಅರವತ್ತೇಳರ ವಯಸ್ಸಿನಲ್ಲಿ ಕಾಫಿ ಬಿಟ್ಟ ಮನುಷ್ಯ ಬೆಂಗಳೂರಿನಲ್ಲಿ ಇನ್ನೊಬ್ಬರು ಇದ್ದಾರೋ ಇಲ್ಲವೋ. ಶಾಂತಕುಮಾರಿ ಬಿಟ್ಟಿಲ್ಲ. ಅವರು ತಮ್ಮ ಹಳೆಯ ಸಭೆಗೇ ಹೋಗುತ್ತಾರೆ, ಬೆಳಿಗ್ಗೆ ಎದ್ದ ಕೂಡಲೇ ಡಿಕಾಕ್ಷನ್ ಇಳಿಸುತ್ತಾರೆ. "ಅವರ ದೇವರು ಅವರಿಗೆ ಬೇಡ ಅಂದಿದಾನೆ. ನಂಗೇನೂ ಹೇಳಿಲ್ಲ," ಎನ್ನುತ್ತಾರೆ. ಆ ಪಂಗಡದವರು ಒಂದು ಕಾಲದಲ್ಲಿ ನಾಲ್ಕಾರು ಮದುವೆ ಆಗುತ್ತಿದ್ದರು, ಈಗ ಬಿಟ್ಟಿದ್ದಾರೆ ಎಂದು ಎಲ್ಲಿಂದಲೋ ಕೇಳಿಕೊಂಡು ಬಂದ ಅಂಜಿನಮ್ಮ ಗಾಬರಿಯಿಂದ ಕಿವಿಯಲ್ಲಿ ಉಸುರಿದಾಗಲೂ ಅವರು ಲೋಟ ಕೆಳಗಿಡಲಿಲ್ಲ. ಇನ್ನೊಬ್ಬಳನ್ನು ತಂದರೆ ತರಲಿ, ಗಂಜಿ ಕುಡಿಸುವುದಕ್ಕೆ ಒಂದು ಕೈ ಜಾಸ್ತಿಯಾಗುತ್ತದೆ ಎಂದರಂತೆ.

ಇಂಥ ಹೆಂಗಸು ತನ್ನ ಒಂಟಿ ಕಣ್ಣಿಗೆ ಗಂಡನ ಕೈಯೇ ಆಗಬೇಕು ಎಂದು ಕೂತರೆ ಅಲ್ಲಾಡಿಸುವವರು ಯಾರು? ಮನೆಯವರಿಗೆ ಕತ್ತಿ ಹಾಕಬಾರದು ಎನ್ನುವುದು ಡಾಕ್ಟರುಗಳ ನಿಯಮ ಎಂದು ಸಂಜೀವಪ್ಪ ಮೊದಲ ವರ್ಷ ಹೇಳಿದರು. ಎರಡನೇ ವರ್ಷವೂ ಅದನ್ನೇ ಹೇಳಿದರು. ಅಷ್ಟರಲ್ಲಿ ಕೈ ನಡುಗತೊಡಗಿತ್ತು. ರೋಗಿಗಳಿಗೆಲ್ಲ ಮುಚ್ಚುಮರೆಯಿಲ್ಲದೆ ಹೇಳುವ ಆ ಮಾತು ಹೆಂಡತಿಯ ಮುಂದೆ ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಈ ವರ್ಷದ ಆರಂಭಕ್ಕೆ ಪೊರೆ ತೀರಾ ಬಲಿತಿತ್ತು. ಇನ್ನೂ ಬಿಟ್ಟರೆ ಅದು ಒಳಗೇ ಒಡೆದು ಕಣ್ಣಿನ ಒತ್ತಡ ಏರಿ, ಯಾರೂ ಏನೂ ಮಾಡಲಾಗದ ಸ್ಥಿತಿ ಬರುತ್ತದೆ. ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ಡಾಕ್ಟರೇ.

ದಾರಿ ತೋರಿಸಿದವರು ಅಂಜಿನಮ್ಮ. ಔಷಧಿ ಬಾಟಲಿ ತೊಳೆಯುತ್ತ, ಯಾರ ಕಡೆಯೂ ನೋಡದೆ ಹೇಳಿದರು.

"ಅಮ್ಮಾವ್ರಿಗೆ ಹೆಂಗೂ ಕಾಣಲ್ಲ. ಕಣ್ಣು ಬೇರೆ ಮರಗಟ್ಟಿರುತ್ತೆ. ನೀವು ತಲೆ ಹಿಡ್ಕೊಂಡು ಮಾತಾಡ್ತಾ ಇರಿ ಡಾಕ್ಟ್ರಯ್ಯ. ಮಂಜೂರ್ ಸಾಹೇಬ್ರು ತುಟಿ ಬಿಚ್ದೆ ಕೆಲಸ ಮುಗಿಸ್ಲಿ. ಆಮೇಲೆ ಕೇಳಿದ್ರೆ ನೀವೇ ಮಾಡಿದ್ದು ಅನ್ನಿ. ಯಾರು ನೋಡೋಕೆ ಬರ್ತಾರೆ?"

ಎಂಥ ಚೊಕ್ಕ ಉಪಾಯ. ಎಲ್ಲಿಯೂ ತೂತಿಲ್ಲ. ಹಲಸೂರಿನ ಶಾಲೆಯಲ್ಲಿ ಟೀಚರಾಗಿರುವ ಮಗಳು ದಯಾವತಿಯೂ ಹೂಂ ಎಂದಳು. ಒಂದು ಕಣ್ಣು ಉಳಿಸುವುದಕ್ಕೆ ಒಂದು ಸುಳ್ಳು, ಇದನ್ನು ಯಾವ ದೇವರು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾನೆ ಎಂದು ಅಪ್ಪನನ್ನೇ ಕೇಳಿದಳು. ಮಂಜೂರ್‌ಗೂ ಅಭ್ಯಂತರವಿರಲಿಲ್ಲ, ಹೆಸರು ಯಾರದ್ದಾದರೇನು ಎಂದರು. ಫ್ರೇಜರ್ ಟೌನಿನ ಈ ಮೂವತ್ತರ ಡಾಕ್ಟರು ಚಿಕ್ಕವರಿದ್ದಾಗ ತಮ್ಮ ಅಜ್ಜಿಯ ಕೈಹಿಡಿದು ಇದೇ ಮನೆಗೆ ಬಂದಿದ್ದವರು. ಇದೇ ಹಿಂದಿನ ಕೋಣೆಯಲ್ಲಿ ಅಜ್ಜಿಯ ಮಂಚದ ಕೆಳಗೆ ಮಲಗಿದ್ದವರು.

ಡಾಕ್ಟರು ಆಗಲಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನಿಜ ಹೇಳಬೇಕೆಂದರೆ ಅವರಿಗೂ ಆಸೆಯಾಗಿತ್ತು. ಬುಧವಾರ ಕತ್ತಿಗಳನ್ನು ತಾವೇ ಸಾಣೆಗೆ ಕೊಟ್ಟು ಬಂದರು. ಗುರುವಾರ ಎಷ್ಟು ಹೊತ್ತಿಗೆ ಬೆಳಕು ಚೆನ್ನಾಗಿರುತ್ತದೆ ಎಂದು ಮಂಜೂರ್ ಜೊತೆ ಮಾತಾಡಿದರು. ಶನಿವಾರದ ಸಂಜೆ ದಯಾವತಿ ದಿನ ಗೊತ್ತು ಮಾಡಿಬಿಡೋಣ ಎಂದಾಗ, ನಾಳೆ ಹೇಳುತ್ತೇನೆ ಎಂದರು. ಮರುದಿನ ತಿಂಗಳ ಮೊದಲ ಭಾನುವಾರ, ಅವರ ಉಪವಾಸದ ದಿನ. ಬೆಳಿಗ್ಗೆಯಿಂದ ಮುಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದರು. ಹೊರಗೆ ಬಂದಾಗ ಮಗಳೂ ಅಂಜಿನಮ್ಮನೂ ಪಡಸಾಲೆಯಲ್ಲಿ ಕಾಯುತ್ತಿದ್ದರು.

"ನಂಗಾಗಲ್ಲಮ್ಮ," ಎಂದರು. "ನೀವೆಲ್ಲ ಸತ್ತರೆ ಮದುವೆ ಮುಗೀತು ಅಂತೀರ. ನನ್ನ ನಂಬಿಕೆ ಹಾಗಲ್ಲ. ಇವಳ ಜೊತೆ ಇನ್ನೂ ಎಷ್ಟು ಕಾಲ ಸಂಸಾರ ಮಾಡ್ಬೇಕೋ ಯಾರಿಗೆ ಗೊತ್ತು. ಒಂದಲ್ಲ ಒಂದು ದಿನ ಇವಳಿಗೆ ತಿಳಿದೇ ತಿಳಿಯುತ್ತೆ. ಆಗ ನಾನು ಎಲ್ಲಿಗೆ ಓಡ್ಲಿ?"

ಅಂಜಿನಮ್ಮ ನಕ್ಕುಬಿಟ್ಟರು. ಡಾಕ್ಟರು ನಗಲಿಲ್ಲ. ಹಿತ್ತಿಲ ಕಟ್ಟೆಯ ಮೇಲೆ ಶಾಂತಕುಮಾರಿ ಕಾಫಿ ಕುಡಿಯುತ್ತ ಕೂತಿದ್ದರು. ಬಿಸಿಲು ಅವರ ಮಡಿಲಲ್ಲಿತ್ತು. ಡಾಕ್ಟರು ಹೋಗಿ ಪಕ್ಕದಲ್ಲಿ ಕೂತರು.

"ಶಾಂತಾ, ನನ್ನ ಕೈ ನಡುಗುತ್ತೆ."

"ಗೊತ್ತು."

"ಹೇಗೆ ಗೊತ್ತು?"

"ಮಹದೇವಪುರದವ್ರಿಗೆ ಹೇಳಿದ್ರಿ. ಬೈಯಪ್ಪನಹಳ್ಳಿಯವ್ರಿಗೆ ಹೇಳಿದ್ರಿ. ಬ್ಲಾಕ್‌ಪಲ್ಲಿಯಿಂದ ಬಂದ ಆ ಚರ್ಮದ ಮಂಡಿ ಸಾಹೇಬ್ರಿಗೂ ಹೇಳಿದ್ರಿ. ಗೋಡೆ ಆಚೆ ಕೂತವ್ಳಿಗೆ ಕಿವಿ ಇಲ್ವಾ? ನನ್ನ ಸರದಿ ಯಾವತ್ತು ಬರುತ್ತೋ ಅಂತ ಕಾಯ್ತಾ ಇದ್ದೆ."

ಗೊತ್ತಿದ್ದೂ ನನ್ನ ಕೈಯೇ ಬೇಕು ಎಂದು ಏಕೆ ಕೂತೆ ಎಂದು ಡಾಕ್ಟರು ಕೇಳಿದರು. ತಮ್ಮ ಕೈಗುಣದ ಮೇಲೆ ಹೆಂಡತಿಗೆ ಅಷ್ಟು ನಂಬಿಕೆ ಎಂದೇ ಅವರು ಎರಡು ವರ್ಷದಿಂದ ಎಣಿಸಿದ್ದರು. ಆ ಎಣಿಕೆಯಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು.

"ಇರೋದೇ ಒಂದು ಕಣ್ಣು," ಎಂದರು ಶಾಂತಕುಮಾರಿ. "ಮಂಜೂರ್ ಕೈಲಿ ಕೆಟ್ರೆ ಆ ಹುಡುಗ ಜೀವಮಾನ ಪೂರ್ತಿ ಅದನ್ನ ಹೊತ್ಕೊಂಡು ತಿರುಗ್ತಾನೆ. ಇನ್ನೊಬ್ರ ಕಣ್ಣಿಗೆ ಕತ್ತಿ ಹಿಡಿಯೋಕೂ ಹೆದರ್ತಾನೆ. ನಿಮ್ಮ ಕೈಲಿ ಕೆಟ್ರೆ ಏನಾಯ್ತು? ದಿನಾ ಎರಡು ಮಾತು ಬೈಕೊಂಡು ನಿಮ್ಮ ಜೊತೆಲೇ ಇದ್ಬಿಡ್ತೀನಿ."

ಮರುದಿನ ಬೆಳಿಗ್ಗೆ ಮಂಜೂರ್ ಬಂದ ಕೂಡಲೇ ಡಾಕ್ಟರು ತೋಳು ಹಿಡಿದು ಒಳಕ್ಕೆ ಕರೆದುಕೊಂಡು ಹೋಗಿ ಹೆಂಡತಿಯ ಮುಂದೆ ನಿಲ್ಲಿಸಿದರು, ಇವಳು ಹೀಗನ್ನುತ್ತಾಳೆ, ನೀನೇ ಜವಾಬು ಕೊಡು ಎಂದರು. ಕಣ್ಣು ಕೆಡುವುದಿಲ್ಲ ಎಂದು ಮಂಜೂರ್ ಹೇಳಲಿಲ್ಲ. ಹಾಗೆ ಹೇಳುವ ಡಾಕ್ಟರು ಈ ಮನೆಯಲ್ಲಿ ತಯಾರಾಗುವುದಿಲ್ಲ.

"ಅಮ್ಮಾ, ನಮ್ ಅಜ್ಜಿ ಕಣ್ಣಿಗೆ ಪಟ್ಟಿ ಕಟ್ದಾಗ ನೀವು ಗಂಜಿ ಕುಡಿಸಿದ್ರಿ. ನಂಗೂ ಒಂದು ಬಟ್ಲು ಕೊ‌ಟ್ರಿ. ಆವತ್ತಿಂದ ಈ ಮನೆ ಋಣ ಹೊತ್ಕೊಂಡೇ ತಿರುಗ್ತಾ ಇದೀನಿ, ಇನ್ನೊಂದು ಸೇರಿದ್ರೆ ಭಾರ ಆಗಲ್ಲ. ಕೆಟ್ರೆ ಅಳ್ತೀನಿ. ಅಳೋದು ನನ್ ಕೆಲಸ, ನೀವ್ಯಾಕೆ ಈಗ್ಲೇ ಅದರ ಚಿಂತೆ ಮಾಡ್ತೀರಿ?"

ಶಾಂತಕುಮಾರಿ ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಆಮೇಲೆ, ಆಯಿತು ಮಾಡು, ಆದರೆ ಮಾತು ಮಾತ್ರ ಇವರದ್ದೇ ಇರಲಿ, ನೀನು ಬಾಯಿ ಬಿಟ್ಟರೆ ದಾರಿ ಫ್ರೇಜರ್ ಟೌನ್ ದಾಟುವುದಿಲ್ಲ ಎಂದರು.

ಆ ಗುರುವಾರದ ಬೆಳಕು ಚೆನ್ನಾಗಿತ್ತು. ಹನಿ ಬಿಟ್ಟರು, ರೆಪ್ಪೆ ಬಿಗಿದರು. ಡಾಕ್ಟರು ಎಂದಿನಂತೆ ತಲೆಯ ಕಡೆ ಸ್ಟೂಲು ಎಳೆದುಕೊಂಡರು. ಕತ್ತಿ ಕಣ್ಣಿನ ಹತ್ತಿರ ಬರುವ ಮೊದಲು, ಇದು ಮಂಜೂರ್ ಕೈ, ನನ್ನದು ನಿನ್ನ ಕಿವಿಯ ಹತ್ತಿರ ಇದೆ ಎಂದು ಇನ್ನೊಂದು ಸಲ ಹೇಳಿದರು. ಆಮೇಲೆ ಎಂದೂ ಆಗದ ತೊಂದರೆಯಾಯಿತು. ಎಲ್ಲರನ್ನೂ ಅವರವರ ಊರಿಗೆ ಕರೆದೊಯ್ಯುವವರಿಗೆ ಇವರನ್ನು ಎಲ್ಲಿಗೆ ಕರೆದೊಯ್ಯುವುದು ಎಂದು ಹೊಳೆಯಲಿಲ್ಲ. ಇವರ ಊರು ಇದೇ, ಮನೆ ಇದೇ.

"ನಡಿ, ಕಲ್ಪಳ್ಳಿಗೆ ಹೋಗಿ ಬರೋಣ," ಎಂದರು ಕೊನೆಗೆ.

ಪಾತ್ರೆ ಹಿಡಿದು ನಿಂತಿದ್ದ ಅಂಜಿನಮ್ಮ ತಲೆಯೆತ್ತಿ ಡಾಕ್ಟರ ಮುಖ ನೋಡಿದರು. ಕಣ್ಣು ಸರಿಯಿದ್ದಾಗ ಶಾಂತಕುಮಾರಿ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಮಕ್ಕಳ ಕಲ್ಲು ತೊಳೆದು ಬರುತ್ತಿದ್ದರು. ಕಾಣದಾದ ಮೇಲೆ ಹೋಗಿರಲಿಲ್ಲ. ಡಾಕ್ಟರು ನಿಧಾನವಾಗಿ ಹೊರಟರು. ಓಣಿ ದಾಟಿದೆವು. ಹೂವಿನವರ ಹತ್ತಿರ ಸೇವಂತಿಗೆ ತಗೊಂಡಿದೀಯಾ. ಕೆಳಗೆ ನೋಡು, ಕಾಲಿನ ಹೆಬ್ಬೆರಳ ಕಡೆ. ಮದರಾಸು ರಸ್ತೆ ಬಂತು, ಮಿಲಿಟರಿ ಲಾರಿ ಹೋಗಲಿ, ನಿಲ್ಲು. ಹುಣಿಸೆ ಮರಗಳ ನೆರಳು. ಇಗೋ, ಗೇಟು. ಒಳಗೆ ಬಂದೆವು. ಎಡಕ್ಕೆ. ಇನ್ನೂ ಸ್ವಲ್ಪ ಮುಂದೆ. ಅಲ್ಲಿಗೆ ಡಾಕ್ಟರ ಮಾತು ನಿಂತಿತು. ಮಂಜೂರ್ ಕತ್ತಿಯಿಟ್ಟು ಪೊರೆ ಎತ್ತುವ ಹೊತ್ತು ಅದೇ. ಅವರೂ ಕೈ ತಡೆದು ನಿಂತರು.

"ಯಾಕೆ ನಿಂತ್ರಿ? ನಡೀರಿ," ಎಂದರು ಶಾಂತಕುಮಾರಿ, ತುಟಿ ಅಲುಗಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ. "ನೀವು ನಿಂತ್ರೆ ನಾನು ಕಣ್ಣು ಮುಚ್ಚಿಬಿಡ್ತೀನಿ."

ಡಾಕ್ಟರು ಮತ್ತೆ ನಡೆದರು. ಕಲ್ಲಿನ ಮೇಲಿನ ಹೆಸರುಗಳನ್ನು ಒಂದೊಂದೇ ಅಕ್ಷರ ಬಿಡಿಸಿ ಓದಿದರು. ಎರಡನೆಯ ಹೆಸರು ಮುಗಿಯುವಷ್ಟರಲ್ಲಿ ಪೊರೆ ಇಡಿಯಾಗಿ, ಒಡೆಯದೆ ಹೊರಗೆ ಬಂದಿತ್ತು.

ಅದರ ನಂತರದ ದಿನಗಳಲ್ಲಿ ಈ ಮನೆಯಲ್ಲಿ ಹಿಂದೆ ಎಂದೂ ಕಾಣದ ನೋಟ. ರೋಗಿಗಳನ್ನು ಮಂಜೂರ್‌ಗೆ ಬಿಟ್ಟು ಡಾಕ್ಟರು ಹೆಂಡತಿಯ ಮಂಚದ ಪಕ್ಕ ಬಟ್ಟಲು ಹಿಡಿದು ಕೂತರು. ನಡುಗುವ ಕೈಯಲ್ಲಿ ಚಮಚ ಹಲ್ಲಿಗೆ ಟಣ್ಣನೆ ಬಡಿಯುತ್ತಿತ್ತು, ಗಂಜಿ ಕತ್ತಿನ ಮೇಲೆ ಇಳಿಯುತ್ತಿತ್ತು. ಈ ಕೈಗೆ ಕತ್ತಿ ಕೊಡುತ್ತಿದ್ದೆನಲ್ಲ, ನನ್ನ ಬುದ್ಧಿಗಿಷ್ಟು ಎಂದು ಶಾಂತಕುಮಾರಿ ಪಟ್ಟಿಯೊಳಗಿನಿಂದಲೇ ಗೊಣಗಿದರು. ನಗಬಾರದು, ಕಣ್ಣು ಅದುರುತ್ತದೆ ಎಂದು ಡಾಕ್ಟರು ಗದರಿಸಿದರು. ರೋಗಿಗೆ ಹೊರಳಲೂ ಬಿಡದೆ ಅಂಗಾತವೇ ಮಲಗಿಸುವುದು ಎಷ್ಟು ಕಷ್ಟ ಎಂದು ಐವತ್ತು ವರ್ಷ ಕಣ್ಣಿನ ಡಾಕ್ಟರಾಗಿದ್ದವರಿಗೆ ಗೊತ್ತಾದದ್ದು ಆ ವಾರ. ಕತ್ತಿಯ ಕೆಲಸ ಕಾಲು ಗಂಟೆಯದು, ಉಳಿದದ್ದೆಲ್ಲ ಶಾಂತಾ ಮಾಡಿದ್ದು ಎಂದು ಅಂಜಿನಮ್ಮನ ಹತ್ತಿರ ಹೇಳಿಕೊಂಡರು. ಇದು ನಮಗೆಲ್ಲ ಯಾವಾಗಲೋ ಗೊತ್ತು ಎಂದು ಅಂಜಿನಮ್ಮ ಬಟ್ಟಲು ಇಸಿದುಕೊಂಡು ಹೋದರು.

ಪಟ್ಟಿ ಬಿಚ್ಚಿದ ಬೆಳಿಗ್ಗೆ ಕಿಟಕಿಗೆಲ್ಲ ಕಂಬಳಿ ಕಟ್ಟಿ ಕೋಣೆಯನ್ನು ಮಬ್ಬು ಮಾಡಿದ್ದರು. ಹತ್ತಿಯನ್ನು ಪದರ ಪದರವಾಗಿ ತೆಗೆಯುವಾಗ ಮಂಜೂರ್ ಹಣೆಯ ಮೇಲೆ ಬೆವರು. ಡಾಕ್ಟರು ಬಾಗಿಲಿಗೆ ಒರಗಿ ನಿಂತಿದ್ದರು, ಹತ್ತಿರ ಬರಲಿಲ್ಲ. ಪರೀಕ್ಷೆಯ ದಪ್ಪ ಕನ್ನಡಕವನ್ನು ದಯಾವತಿ ಅಮ್ಮನ ಕಿವಿಗೆ ಸಿಕ್ಕಿಸಿದಳು. ಶಾಂತಕುಮಾರಿ ಕಣ್ಣು ತೆರೆದರು. ಮುಚ್ಚಿದರು. ಮತ್ತೆ ತೆರೆದು ಎದುರಿಗಿದ್ದ ಮುಖವನ್ನು ತುಂಬ ಹೊತ್ತು ನೋಡಿದರು.

"ಮುಖ ಯಾಕೋ ಬಿಳುಚ್ಕೊಂಡಿದೆ ಮಗಾ," ಎಂದರು ಮಂಜೂರ್‌ಗೆ. "ಏನಾದ್ರೂ ತಿಂದ್ಕೊಂಡು ಬಂದ್ಯಾ, ಇಲ್ವಾ?"

ಮಂಜೂರ್ ಅಳುವುದು ತಮ್ಮ ಕೆಲಸ ಎಂದಿದ್ದರಲ್ಲ, ಅದನ್ನೂ ಮಾಡಿದರು.

ಈಗ ಶಾಂತಕುಮಾರಿ ಆ ದಪ್ಪ ಕನ್ನಡಕ ಹಾಕಿಕೊಂಡು ಹಿಂದಿನ ಕೋಣೆಯ ಮಂಚಗಳ ನಡುವೆ ಬಟ್ಟಲು ಹಿಡಿದು ಓಡಾಡುತ್ತಾರೆ. ಚಮಚ ಸರಿಯಾಗಿ ಬಾಯಿಗೇ ಹೋಗುತ್ತದೆ. ಹೋದ ವಾರ ಜಟಕಾ ಮಾಡಿಕೊಂಡು ಇಬ್ಬರೂ ಕಲ್ಪಳ್ಳಿಗೆ ಹೋಗಿ ಬಂದರು. ಡಾಕ್ಟರು ಕತ್ತಿಗಳ ಪೆಟ್ಟಿಗೆಯನ್ನು ಮಂಜೂರ್‌ಗೆ ಕೊಟ್ಟುಬಿಟ್ಟಿದ್ದಾರೆ. ಆದರೂ ದಿನಾ ಮಂಜಿನಲ್ಲೇ ಎದ್ದು ಕೈ ತೊಳೆಯುತ್ತಾರೆ, ತಲೆ ಹಿಡಿಯುತ್ತಾರೆ, ಜನರನ್ನು ಅವರವರ ಊರಿಗೆ ತಲುಪಿಸುತ್ತಾರೆ. ಭಾನುವಾರ ಒಬ್ಬರೇ ಮೊಣಕಾಲೂರುತ್ತಾರೆ. ಪಕ್ಕದ ಕೋಣೆಯಿಂದ ಕಾಫಿಯ ಘಮ ಬರುತ್ತಿರುತ್ತದೆ.

ಊರಿನಲ್ಲಿ ಮಾತ್ರ ಸುದ್ದಿ ಬೇರೆ ಥರ ಹಬ್ಬಿದೆ. ಎಪ್ಪತ್ತೆರಡರಲ್ಲಿ ಸ್ವಂತ ಹೆಂಡತಿಯ ಕಣ್ಣಿನ ಪೊರೆ ತೆಗೆದ ಡಾಕ್ಟರು ಎಂದು ಕೃಷ್ಣರಾಜಪುರದ ಸಂತೆಯವರೆಗೂ ಹೋಗಿದೆ. ಸೀಬೆಹಣ್ಣು, ಹೂವು ಹಿಡಿದು ನೋಡಲು ಬರುತ್ತಾರೆ. ಈ ಸೋಮವಾರ ಬಂದ ವೆಂಕಟಮ್ಮ ಎಂಬ ಮುದುಕಿ ಡಾಕ್ಟರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಲು ಹೋದರು. ಡಾಕ್ಟರು ಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡು ಮಂಜೂರ್ ಕಡೆ ತೋರಿಸಿದರು.

"ಆ ಕಣ್ಣು ಅವರು ಮಾಡಿದ್ದು ಕಣಮ್ಮ. ಎಷ್ಟೋ ಜನದ ಕಣ್ಣಿಗೆ ನಾನು ಕೈ ಹಾಕಿದೀನಿ. ಅದು ಕೆಲಸ, ಅದರಲ್ಲಿ ಹೇಳ್ಕೊಳ್ಳೋದು ಏನೂ ಇಲ್ಲ. ನನ್ನ ಹೆಂಡ್ತಿ ಕಣ್ಣಿಗೆ ಕೈ ಹಾಕ್ಲಿಲ್ಲ ನೋಡು, ಹೇಳ್ಕೊಳ್ಳೋದಿದ್ರೆ ಅದೊಂದೇ."